ಕತ್ತಲಿಗೆ ಯಾವ ಕ್ಯಾಮೆರಾ? ಐಎಸ್‌ಒ ನೋಡಿ ಕೊಳ್ಳುವವರಿಗೆ ಕಲಬುರಗಿ ಕಡೆಯಿಂದ ಒಂದು ಹೋಲಿಕೆ

ಕ್ಯಾಮೆರಾ ಡಬ್ಬಿಯ ಮೇಲೆ ಐಎಸ್‌ಒ ಅಂಕಿ (ಸಿಕ್ಕ ಬೆಳಕನ್ನು ಕ್ಯಾಮೆರಾ ಎಷ್ಟು ಹಿಗ್ಗಿಸಿ ತೋರಿಸುತ್ತದೆ ಅನ್ನುವ ಅಳತೆ) ಯಾವಾಗಲೂ ದೊಡ್ಡದಾಗಿಯೇ ಇರುತ್ತದೆ. 25,600, 51,200, 1,02,400. 2016ರಲ್ಲಿ ಬಂದ ನಿಕಾನ್ ಡಿ5 ಅಂತೂ 32,80,000ದವರೆಗೆ ಹೋಗುತ್ತಿತ್ತು. ದಯವಿಟ್ಟು ಈ ಅಂಕಿ ನೋಡಿ ಕ್ಯಾಮೆರಾ ಆರಿಸಬೇಡಿ. ಎಲ್ಲಿಯವರೆಗೆ ಏರಿಸಬಹುದು ಅನ್ನುವುದನ್ನು ಮಾತ್ರ ಅದು ಹೇಳುತ್ತದೆ. ಅಷ್ಟು ಏರಿಸಿದಾಗ ಫೋಟೊ ಹೇಗೆ ಬರುತ್ತದೆ ಅಂತ ಹೇಳುವುದಿಲ್ಲ. ನೀವು ಕೇಳಿಕೊಳ್ಳಬೇಕಾದ ಪ್ರಶ್ನೆ ಇಷ್ಟೇ: ನಾನು ಫೋಟೊ ತೆಗೆಯುವ ಜಾಗದಲ್ಲಿ ಬೆಳಕು ಎಷ್ಟು ಕಡಿಮೆ ಬೀಳುತ್ತಿದೆ? ಆ ಕೊರತೆಯನ್ನು ಎಲ್ಲಿ ತುಂಬಿಸಿದರೆ ಖರ್ಚು ಕಡಿಮೆ?

ನಮ್ಮ ಕಡೆ ಈ ಪ್ರಶ್ನೆಗೆ ತೂಕ ಜಾಸ್ತಿ. ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಮಂದಿ ಮನೆಯಿಂದ ಹೊರಬೀಳುವುದೇ ಹೊತ್ತು ಇಳಿದ ಮೇಲೆ. ಕಲಬುರಗಿಯಲ್ಲಿ ಶರಣಬಸವೇಶ್ವರರ ತೇರು ಎಳೆಯುವುದು ಸಂಜೆ. ಬಂದೇನವಾಜ್ ದರ್ಗಾದ ಉರುಸು ಕಳೆಗಟ್ಟುವುದು ರಾತ್ರಿ. ಮೊಹರಂನಲ್ಲಿ ಅಲಾಯಿ ಕುಣಿಯ (ಬೆಂಕಿ ಹಾಕುವ ಗುಂಡಿಯ) ಸುತ್ತ ಹೆಜ್ಜೆ ಹಾಕುವುದು ಬೆಂಕಿಯ ಬೆಳಕಿನಲ್ಲಿ. ಮದುವೆ ಮೆರವಣಿಗೆ, ವಲೀಮಾ ಊಟ, ಎಲ್ಲವೂ ದೀಪ ಹಚ್ಚಿದ ಮೇಲಿನ ಕೆಲಸ. ಯಾದಗಿರಿಯ ಮೈಲಾಪುರದಲ್ಲಿ ಸಂಕ್ರಾಂತಿಯ ಹಗಲಲ್ಲಿ ಭಂಡಾರ ಹಾರುವುದನ್ನು ತೆಗೆಯುವವರಿಗೆ ಯಾವ ಕ್ಯಾಮೆರಾ ಆದರೂ ಚಲೋ ಫೋಟೊ ಕೊಡುತ್ತದೆ. ಬರೀ ಹಗಲಲ್ಲೇ ಕೆಲಸ ಮಾಡುವವರು ಹೆಚ್ಚಿನ ಐಎಸ್‌ಒಗೆ ದುಡ್ಡು ಹಾಕಬೇಕಿಲ್ಲ. ಇಲ್ಲಿಂದ ಮುಂದಿನದು ಉಳಿದವರಿಗೆ.

ಐಎಸ್‌ಒ ಏರಿಸಿದರೆ ನಮಗೆ ಸಿಗುವುದೇನು

ಐಎಸ್‌ಒ ಏರಿಸಿದ ಮಾತ್ರಕ್ಕೆ ಸೆನ್ಸರಿಗೆ (ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಚಿಪ್‌ಗೆ) ಬೆಳಕು ಜಾಸ್ತಿ ಬರುವುದಿಲ್ಲ. ಬಂದ ಸ್ವಲ್ಪ ಬೆಳಕನ್ನೇ ಕ್ಯಾಮೆರಾ ಹಿಗ್ಗಿಸಿ ತೋರಿಸುತ್ತದೆ. ಫೋಟೊದಲ್ಲಿ ಕಾಳುಕಾಳಾಗಿ ಕಾಣುವ ನಾಯ್ಸ್ ಹೆಚ್ಚಾಗಿ ಬರುವುದು ಬೆಳಕು ಕಡಿಮೆ ಆಗಿದ್ದರಿಂದ. ಅಂಗಳದ ಶಹಾಬಾದ್ ಕಲ್ಲಿನ ಮೇಲೆ ಮಳೆಯ ಮೊದಲ ಹನಿಗಳು ಬಿದ್ದಾಗ ಕಲ್ಲು ಅಲ್ಲಲ್ಲಿ ಚುಕ್ಕೆಚುಕ್ಕೆಯಾಗಿ ಕಾಣುತ್ತದೆ, ಮಳೆ ಜೋರಾದ ಮೇಲೆ ಪೂರ್ತಿ ಒಂದೇ ಬಣ್ಣಕ್ಕೆ ಬರುತ್ತದೆ. ಬೆಳಕಿನ ಕಣಗಳೂ ಸೆನ್ಸರಿನ ಮೇಲೆ ಹಾಗೆಯೇ ಬೀಳುತ್ತವೆ. ಬೆಳಕು 4 ಪಟ್ಟಾದರೆ ಫೋಟೊ 2 ಪಟ್ಟು ಶುಚಿಯಾಗುತ್ತದೆ.

ಹಾಗಾದರೆ ಐಎಸ್‌ಒ ಏರಿಸುವುದು ಯಾಕೆ? ಶಟರ್ ಸ್ಪೀಡಿಗಾಗಿ, ಅಂದರೆ ಸೆನ್ಸರಿಗೆ ಬೆಳಕು ಬೀಳುವ ಹೊತ್ತನ್ನು ಚಿಕ್ಕದು ಮಾಡಲಿಕ್ಕೆ. ಅಕ್ಷತೆ ಬೀಳುವ ಗಳಿಗೆಯಲ್ಲಿ ಕೈಗಳು, ಮುಖಗಳು, ಅಕ್ಕಿಕಾಳು ಎಲ್ಲವೂ ಚಲಿಸುತ್ತಿರುತ್ತವೆ. ಸೆಕೆಂಡಿನ 30ನೇ ಒಂದು ಭಾಗದಲ್ಲಿ ತೆಗೆದರೆ ಎಲ್ಲ ಕಲಸಿಹೋಗುತ್ತದೆ. 250ನೇ ಒಂದು ಭಾಗದಲ್ಲಿ ತೆಗೆದರೆ ಮುಖ, ಕೈ ನಿಲ್ಲುತ್ತವೆ. ಅಲುಗಿ ಕೆಟ್ಟ ಫೋಟೊವನ್ನು ಯಾವ ಸಾಫ್ಟ್‌ವೇರೂ ಸರಿಯಾಗಿ ಉಳಿಸಲಾರದು. ನಾಯ್ಸ್ ಇರುವ ಫೋಟೊ ಉಳಿಯುತ್ತದೆ, ಆಲ್ಬಂನಲ್ಲೂ ಕೂರುತ್ತದೆ. ಐಎಸ್‌ಒಗೆ ಹೆದರಿ 800ರಲ್ಲೇ ನಿಲ್ಲಿಸಿ, ಶಟರ್ ನಿಧಾನ ಮಾಡಿಕೊಂಡು ಇಡೀ ಮದುವೆ ಅಲುಗಾಡಿಸಿದ ಆಲ್ಬಂಗಳನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಆ ಗಳಿಗೆ ಆ ಮನೆಯವರಿಗೆ ಮತ್ತೆ ಬರುವುದಿಲ್ಲ.

ಇನ್ನೊಂದು ಮಾತು. ಐಎಸ್‌ಒ ಕಡಿಮೆ ಇಟ್ಟು ಕಪ್ಪಗೆ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಬೆಳಕು ಏರಿಸಿದರೆ ನಾಯ್ಸ್ ಕಡಿಮೆಯಾಗುತ್ತದೆ ಅಂತ ಹಲವರು ನಂಬಿದ್ದಾರೆ. ಹಾಗೇನೂ ಆಗುವುದಿಲ್ಲ. ಎಷ್ಟೋ ಬಾಡಿಗಳಲ್ಲಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾಗಳಲ್ಲಿ) ಇನ್ನೂ ಕೆಡುತ್ತದೆ. ಸೋನಿ ಎ7-3ರಂಥ ಕ್ಯಾಮೆರಾದಲ್ಲಿ ಸೆನ್ಸರ್ 640ರ ಹತ್ತಿರ ಬೇರೆ ಹಂತಕ್ಕೆ ಬದಲಾಗುತ್ತದೆ. ಹಾಗಾಗಿ 500ರಲ್ಲಿ ತೆಗೆದು ಏರಿಸುವುದಕ್ಕಿಂತ 640ರಲ್ಲಿ ನೇರ ತೆಗೆದರೆ ನೆರಳಿನ ಭಾಗ ಶುಚಿ.

ಮೊದಲು ನಿಮ್ಮ ಕತ್ತಲನ್ನು ಅಳೆಯಿರಿ

ಒಂದು ಸ್ಟಾಪ್ ಅಂದರೆ ಬೆಳಕು ದುಪ್ಪಟ್ಟು ಅಥವಾ ಅರ್ಧ. ಐಎಸ್‌ಒ 1600ರಿಂದ 3200 ಒಂದು ಸ್ಟಾಪ್. ಶಟರ್ 125ರಿಂದ 250 ಒಂದು ಸ್ಟಾಪ್. ಈ ಲೆಕ್ಕ ಕೈಗೆ ಬಂದರೆ ಯಾವ ಅಂಗಡಿಯವನೂ ನಿಮ್ಮನ್ನು ದಾರಿ ತಪ್ಪಿಸಲಾರ.

ನಮ್ಮ ಕಡೆಯ ಸಾಮಾನ್ಯ ಫಂಕ್ಷನ್ ಹಾಲ್ ತೆಗೆದುಕೊಳ್ಳಿ. ಮೇಲೆ ಎಲ್ಇಡಿ ಪಟ್ಟಿಗಳು, ಸ್ಟೇಜಿನ ಮೇಲೆ ಒಂದಿಷ್ಟು ಪಾರ್ ಲೈಟ್. ಜನರ ನಡುವೆ ನಿಂತು ಸೆಕೆಂಡಿನ 125ನೇ ಭಾಗದಲ್ಲಿ ಫೋಟೊ ತೆಗೆಯಬೇಕಾದರೆ, ಎಫ್ 2.8ರಲ್ಲಿ ಸುಮಾರು ಐಎಸ್‌ಒ 1600 ಬೇಕಾಗುತ್ತದೆ. ಎಫ್ ಅಂದರೆ ಲೆನ್ಸಿನ ಬಾಯಿ ಎಷ್ಟು ತೆರೆದಿದೆ ಅನ್ನುವ ಅಂಕಿ, ಅದು ಚಿಕ್ಕದಾದಷ್ಟೂ ಬೆಳಕು ಜಾಸ್ತಿ. ಕ್ಯಾಮೆರಾ ಜೊತೆಗೇ ಬರುವ 18-55 ಕಿಟ್ ಲೆನ್ಸನ್ನು ಜೂಮ್ ಮಾಡಿದರೆ ಅದು ಎಫ್ 5.6ಕ್ಕೆ ಇಳಿಯುತ್ತದೆ. ಆಗ 6400 ಬೇಕು. ಅದೇ ಜಾಗದಲ್ಲಿ ಎಫ್ 1.8 ಲೆನ್ಸ್ ಇದ್ದರೆ 640ರ ಆಸುಪಾಸು ಸಾಕು. ನೋಡಿ, ಬಾಡಿ ಮುಟ್ಟದೆ, ಬರೀ ಲೆನ್ಸ್ ಬದಲಿಸಿ 3 ಸ್ಟಾಪ್‌ಗಿಂತ ಜಾಸ್ತಿ ಬಂತು.

ಅಲಾಯಿ ಕುಣಿಯ ಮುಂದೆ ಲೆಕ್ಕ ಕಷ್ಟದ್ದು. ಬೆಂಕಿಯ ಬೆಳಕು, ಕುಣಿಯುವ ಕಾಲುಗಳು, 250ನೇ ಭಾಗದ ಶಟರ್. ಎಫ್ 1.8ರಲ್ಲೇ ಐಎಸ್‌ಒ 6400 ಮುಟ್ಟುತ್ತದೆ. ಕಿಟ್ ಲೆನ್ಸಿನಲ್ಲಿ 60 ಸಾವಿರ ದಾಟುತ್ತದೆ. ಅಲ್ಲಿ ಫ್ಲ್ಯಾಶ್ ಹೊಡೆದರೆ ಬೆಂಕಿಯ ಕೆಂಪು ಸತ್ತುಹೋಗುತ್ತದೆ, ನೋಡಲು ಬಂದಿದ್ದೇ ಫೋಟೊದಲ್ಲಿ ಇರುವುದಿಲ್ಲ. ಸೆನ್ಸರಿಗೆ ದುಡ್ಡು ಹಾಕಿದ್ದು ಸಾರ್ಥಕ ಆಗುವುದು ಇಂಥ ಜಾಗದಲ್ಲಿ.

ಅಗಲವಾದ ಬಾಯಿಯ ಲೆನ್ಸ್: ಮೊದಲ ಖರ್ಚು ಇದಕ್ಕೇ

ಕ್ಯಾನನ್ 1500ಡಿ ಥರದ ಬಾಡಿ ಈಗಾಗಲೇ ನಿಮ್ಮ ಹತ್ತಿರ ಇದ್ದರೆ ಅದನ್ನು ಮಾರುವ ಮೊದಲು ಕ್ಯಾನನ್ 50 ಎಂಎಂ ಎಫ್ 1.8 ಎಸ್‌ಟಿಎಂ ಹಾಕಿ ನೋಡಿ. ಹೊಸದೇ 10,000 ರೂಪಾಯಿ ಆಸುಪಾಸಿನಲ್ಲಿ ಸಿಗುವ ಲೆನ್ಸ್ ಅದು. ಕತ್ತಲಿನ ಫೋಟೊಗ್ರಫಿಯಲ್ಲಿ ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ಲಾಭ ಕೊಡುವ ಇನ್ನೊಂದು ವಸ್ತು ನನಗೆ ಗೊತ್ತಿಲ್ಲ. ತೊಂದರೆ ಒಂದೇ. ಚಿಕ್ಕ ಸೆನ್ಸರಿನ ಮೇಲೆ ಅದು 80 ಎಂಎಂ ಲೆನ್ಸಿನಂತೆ ವರ್ತಿಸುತ್ತದೆ. ಮನೆಯ ಪಡಸಾಲೆಯಲ್ಲಿ ಅರಿಶಿಣದ ಶಾಸ್ತ್ರ ತೆಗೆಯುವಾಗ ಗೋಡೆಗೆ ಬೆನ್ನು ಹಚ್ಚಿ ನಿಂತರೂ ನಾಲ್ಕು ಮಂದಿ ಹಿಡಿಸುವುದಿಲ್ಲ. ನಿಕಾನ್ ಡಿಎಕ್ಸ್ (ಚಿಕ್ಕ ಸೆನ್ಸರಿನ) ಬಾಡಿ ಇದ್ದವರಿಗೆ 35 ಎಂಎಂ ಎಫ್ 1.8 ಜಿ ಇದೆ, ಅದು ಒಳಾಂಗಣಕ್ಕೆ ಇನ್ನೂ ಅನುಕೂಲ. ಸೋನಿ ಎ6400 ಇದ್ದವರು ಸಿಗ್ಮಾ 30 ಎಂಎಂ ಎಫ್ 1.4 ನೋಡಬಹುದು.

ಆದರೆ ಎಫ್ 1.8ರಲ್ಲಿ ಫೋಕಸ್ ಆಳ ತೀರಾ ಕಡಿಮೆ. ವಧುವಿನ ಕಣ್ಣು ಚುರುಕಾಗಿ ಬಂದರೆ ಪಕ್ಕದಲ್ಲಿ ಒಂದು ಹೆಜ್ಜೆ ಹಿಂದೆ ನಿಂತ ತಂಗಿ ಮಸುಕು. ಒಬ್ಬರು, ಇಬ್ಬರ ಫೋಟೊಗೆ ಚಲೋ. ಸ್ಟೇಜಿನ ಮೇಲೆ ಎರಡು ಸಾಲಲ್ಲಿ ನಿಂತ ಬೀಗರ ಗುಂಪಿಗೆ ಇದು ಆಗುವುದಿಲ್ಲ.

ದೊಡ್ಡ ಸೆನ್ಸರ್: ಎಷ್ಟು ಲಾಭ, ಎಲ್ಲಿ ಲಾಭ

ಫುಲ್‌ಫ್ರೇಮ್ ಸೆನ್ಸರ್ 36 ಎಂಎಂ ಅಗಲ, 24 ಎಂಎಂ ಎತ್ತರ. ಎಪಿಎಸ್-ಸಿ ಸುಮಾರು 23.5 ಮತ್ತು 15.6. ವಿಸ್ತೀರ್ಣದಲ್ಲಿ ಫುಲ್‌ಫ್ರೇಮ್ ಸುಮಾರು 2.4 ಪಟ್ಟು ದೊಡ್ಡದು. ಅಂದರೆ ಅದೇ ಎಫ್, ಅದೇ ಶಟರಿನಲ್ಲಿ ಸುಮಾರು 1.2 ಸ್ಟಾಪ್ ಲಾಭ. ಎಪಿಎಸ್-ಸಿಯಲ್ಲಿ 3200ಕ್ಕೆ ಕಾಣುವ ನಾಯ್ಸ್ ಫುಲ್‌ಫ್ರೇಮಿನಲ್ಲಿ ಸುಮಾರು 7500ಕ್ಕೆ ಕಾಣುತ್ತದೆ. ಮೈಕ್ರೊ ಫೋರ್ ಥರ್ಡ್ಸ್ ಇನ್ನೂ ಚಿಕ್ಕದು, ಫುಲ್‌ಫ್ರೇಮಿಗಿಂತ 2 ಸ್ಟಾಪ್ ಹಿಂದೆ.

ಈಗ ಎರಡನ್ನೂ ಎದುರುಬದುರು ಇಡೋಣ. ಒಂದು ಕಡೆ ಎಪಿಎಸ್-ಸಿ ಬಾಡಿ, ಎಫ್ 1.4 ಲೆನ್ಸ್. ಇನ್ನೊಂದು ಕಡೆ ಫುಲ್‌ಫ್ರೇಮ್ ಬಾಡಿ, ಎಫ್ 2.8 ಜೂಮ್. ಲೆನ್ಸಿನಲ್ಲಿ ಮೊದಲನೆಯದು 2 ಸ್ಟಾಪ್ ಮುಂದೆ, ಸೆನ್ಸರಿನಲ್ಲಿ 1.2 ಹಿಂದೆ. ಕೊನೆಗೆ ನಾಯ್ಸ್ ಕಡಿಮೆ ಬರುವುದು ಅಗ್ಗದ ಜೋಡಿಯಲ್ಲೇ. ಇದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಹೌದು, ಜೂಮ್ ಇಲ್ಲದೆ ಮದುವೆ ಮಾಡುವುದು ಕಷ್ಟ, ಆ ಅನುಕೂಲಕ್ಕೆ ಬೆಲೆ ಇದ್ದೇ ಇದೆ. ಆದರೆ ನೀವು ಕೊಡುವ ದುಡ್ಡಿನಲ್ಲಿ ಎಷ್ಟು ಕತ್ತಲಿಗೆ, ಎಷ್ಟು ಅನುಕೂಲಕ್ಕೆ ಅನ್ನುವುದು ನಿಮಗೆ ಗೊತ್ತಿರಬೇಕು ಅಲ್ವಾ?

ಇನ್ನೂ ಒಂದು ಸೂಕ್ಷ್ಮ ಇದೆ. ಗುಂಪು ಫೋಟೊದಲ್ಲಿ ಎಲ್ಲರೂ ಚುರುಕಾಗಿ ಬರಬೇಕೆಂದರೆ ಫುಲ್‌ಫ್ರೇಮಿನಲ್ಲಿ ಅಪರ್ಚರ್ (ಲೆನ್ಸಿನ ಬಾಯಿ) ಇನ್ನೂ ಮುಚ್ಚಬೇಕು. ಎಪಿಎಸ್-ಸಿಯಲ್ಲಿ ಎಫ್ 4ಕ್ಕೆ ಸಿಗುವ ಆಳಕ್ಕೆ ಇಲ್ಲಿ ಎಫ್ 6 ಬೇಕು. ಬೆಳಕು ಅಷ್ಟೇ ಕಡಿಮೆಯಾಗಿ ಲಾಭವೆಲ್ಲ ಕರಗುತ್ತದೆ. ದೊಡ್ಡ ಸೆನ್ಸರಿನ ಲಾಭ ಪೂರ್ತಿ ಸಿಗುವುದು ಅಪರ್ಚರ್ ತೆರೆದಿಟ್ಟು, ಆಳ ಕಡಿಮೆ ಇದ್ದರೂ ನಡೆಯುವ ಫೋಟೊಗಳಲ್ಲಿ ಮಾತ್ರ.

ಫುಲ್‌ಫ್ರೇಮಿಗೇ ಹೋಗುವುದಾದರೆ ಹೊಸದೇ ಬೇಕಂತಿಲ್ಲ. 2007ರ ನಿಕಾನ್ ಡಿ3 6400ರಲ್ಲಿ ಬಳಸಬಹುದಾದ ಫೋಟೊ ಕೊಟ್ಟಾಗ ಅದು ದೊಡ್ಡ ಸುದ್ದಿ. ಆಮೇಲಿನ ಹತ್ತು ವರ್ಷಗಳಲ್ಲಿ ಸೆನ್ಸರುಗಳು ಬೇಗ ಬೇಗ ಸುಧಾರಿಸಿದವು. ಈಗ ಆ ಓಟ ನಿಧಾನವಾಗಿದೆ. 2014ರ ನಿಕಾನ್ ಡಿ750ಕ್ಕೂ ಇವತ್ತಿನ 24 ಮೆಗಾಪಿಕ್ಸೆಲ್ ಬಾಡಿಗೂ ಬರೀ ನಾಯ್ಸ್ ಲೆಕ್ಕದಲ್ಲಿ ಅಂತರ ದೊಡ್ಡದಲ್ಲ. ಹೊಸ ಬಾಡಿಗಳು ನಿಜವಾಗಿ ಮುಂದೆ ಇರುವುದು ಕತ್ತಲಲ್ಲಿ ಫೋಕಸ್ ಹಿಡಿಯುವುದರಲ್ಲಿ. ಕ್ಯಾನನ್ 6ಡಿಯಲ್ಲಿ ಇರುವುದೇ 11 ಫೋಕಸ್ ಬಿಂದು, ಕತ್ತಲಲ್ಲಿ ಭರವಸೆ ಇಡಬಹುದಾದದ್ದು ನಡುವಿನದೊಂದೇ. 2020ರ ಕ್ಯಾನನ್ ಆರ್6 ಚೌಕಟ್ಟಿನ ಮೂಲೆಯಲ್ಲಿರುವ ಕಣ್ಣನ್ನೂ ಹಿಡಿದುಕೊಂಡು ಹೋಗುತ್ತದೆ. ಮೆರವಣಿಗೆಯಲ್ಲಿ ಕುಣಿಯುವವರ ಮುಂದೆ ಹಿಂದಕ್ಕೆ ನಡೆಯುತ್ತ ಫೋಟೊ ತೆಗೆಯುವವರಿಗೆ ನಾಯ್ಸಿಗಿಂತ ಇದು ದೊಡ್ಡ ವಿಷಯ. ಫೋಕಸ್ ತಪ್ಪಿದ ಮೇಲೆ ಐಎಸ್‌ಒ ಎಷ್ಟು ಶುಚಿ ಇದ್ದರೇನು?

ಮೆಗಾಪಿಕ್ಸೆಲ್ ಜಾಸ್ತಿ ಆದರೆ ನಾಯ್ಸ್ ಜಾಸ್ತಿ ಅನ್ನುವ ಮಾತನ್ನೂ ಪೂರ್ತಿ ನಂಬಬೇಡಿ. ಒಂದೇ ಅಳತೆಯ ಸೆನ್ಸರಾದರೆ 24 ಮತ್ತು 45 ಮೆಗಾಪಿಕ್ಸೆಲ್ ಫೋಟೊಗಳನ್ನು ಒಂದೇ ಅಳತೆಗೆ ಪ್ರಿಂಟ್ ಮಾಡಿದಾಗ ವ್ಯತ್ಯಾಸ ಬಹಳ ಕಡಿಮೆ. ಸೋನಿ ಎ7ಎಸ್-3ರ 12 ಮೆಗಾಪಿಕ್ಸೆಲ್ ಸೆನ್ಸರ್ ನಿಜವಾಗಿ ಉಪಯೋಗಕ್ಕೆ ಬರುವುದು ವಿಡಿಯೊದಲ್ಲಿ. 4ಕೆಗೆ 8 ಮೆಗಾಪಿಕ್ಸೆಲ್ ಸಾಕು, ರಾತ್ರಿ ಬರಾತಿನ ವಿಡಿಯೊ ಅದರಲ್ಲಿ ಬಹಳ ಶುಚಿ ಬರುತ್ತದೆ. ಆದರೆ 12-36 ಇಂಚಿನ ಆಲ್ಬಂ ಹಾಳೆಗೆ ಒಂದೇ ಫೋಟೊ ಹರಡಿದರೆ ಇಂಚಿಗೆ 118 ಪಿಕ್ಸೆಲ್ ಮಾತ್ರ ಉಳಿಯುತ್ತದೆ. 24 ಮೆಗಾಪಿಕ್ಸೆಲ್‌ನಲ್ಲಿ 167. ಫೋಟೊವೇ ಮುಖ್ಯ ಕೆಲಸ ಆದವರು ಅದನ್ನು ಬಿಟ್ಟು 24ರ ಬಾಡಿ ತಗೊಳ್ಳಿ.

ಫ್ಲ್ಯಾಶ್ ಮತ್ತು ಐಎಸ್‌ಒ ಒಟ್ಟಿಗೆ

ಗುಂಪು ಫೋಟೊಗೆ ಫ್ಲ್ಯಾಶೇ ಸರಿ, ಅದರಲ್ಲಿ ಅನುಮಾನ ಬೇಡ. ಬೆಳ್ಳಗಿನ ಛಾವಣಿ ಇರುವ ಹಾಲಿನಲ್ಲಿ ಮೇಲಕ್ಕೆ ತಿರುಗಿಸಿ ಹೊಡೆದರೆ ಬೆಳಕು ಮೆತ್ತಗೆ ಇಳಿದು ಬರುತ್ತದೆ. ಇಲ್ಲೂ ಐಎಸ್‌ಒ ಕೆಲಸಕ್ಕೆ ಬರುತ್ತದೆ. 400ರಿಂದ 1600ಕ್ಕೆ ಏರಿಸಿದರೆ ಫ್ಲ್ಯಾಶ್ ತಲುಪುವ ದೂರ ದುಪ್ಪಟ್ಟು. ದೂರ ಅಷ್ಟೇ ಇದ್ದರೆ ಕಾಲು ಭಾಗ ಶಕ್ತಿ ಸಾಕು. ಫ್ಲ್ಯಾಶ್ ಬೇಗ ತಯಾರಾಗುತ್ತದೆ, ಸೆಲ್ ಬಾಳಿಕೆ ಬರುತ್ತದೆ, ಹಿಂದಿನ ಹಾಲ್ ಕಪ್ಪು ಗುಹೆಯಾಗುವುದಿಲ್ಲ. 200ರಲ್ಲಿ ಫ್ಲ್ಯಾಶ್ ಹೊಡೆಯುವ ಹಳೆಯ ರೂಢಿ ಬಿಡಬೇಕು.

ಪೆಂಡಾಲಿನಲ್ಲಿ ಮಾತ್ರ ಹುಷಾರು. ಕೆಂಪು, ಹಳದಿ ಬಟ್ಟೆಗೆ ಬಡಿದು ಬಂದ ಬೆಳಕು ಎಲ್ಲರ ಮುಖಕ್ಕೂ ಅದೇ ಬಣ್ಣ ಬಳಿಯುತ್ತದೆ. ಅಲ್ಲಿ ಎಫ್ 1.8 ಲೆನ್ಸ್, 3200 ಐಎಸ್‌ಒ, ಇದ್ದ ಬೆಳಕು, ಇದೇ ವಾಸಿ. ನಮ್ಮ ಕರೆಂಟ್ 50 ಹರ್ಟ್ಸ್ ಆದ್ದರಿಂದ ಅಗ್ಗದ ಎಲ್ಇಡಿಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಫೋಟೊದಲ್ಲಿ ಪಟ್ಟೆ ಕಂಡರೆ ಶಟರನ್ನು 100ಕ್ಕೆ ಅಥವಾ 50ಕ್ಕೆ ತನ್ನಿ, ಸದ್ದಿಲ್ಲದ ಸೈಲೆಂಟ್ ಶಟರ್ ಬಳಸಬೇಡಿ.

ಬಿದ್ರಿ ಕೆಲಸ, ಅಷ್ಟೂರಿನ ಗುಮ್ಮಟ

ಬೀದರಿನಲ್ಲಿ ಬಿದ್ರಿ ಕುಶಲಕರ್ಮಿಗಳನ್ನು ತೆಗೆಯಲು ಹೋಗುವವರು ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಬಿದ್ರಿ ಕ್ಯಾಮೆರಾಗೆ ಕಠಿಣ ಪರೀಕ್ಷೆ. ಸತು, ತಾಮ್ರದ ಲೋಹ ಕೋಟೆಯ ಮಣ್ಣಿನಲ್ಲಿ ಕುದ್ದು ಗಾಢ ಕಪ್ಪಾಗುತ್ತದೆ, ಅದರ ಮೇಲೆ ಬೆಳ್ಳಿ ಹೊಳೆಯುತ್ತದೆ. ನಾಯ್ಸ್ ಮೊದಲು ಕಾಣುವುದೇ ಕಪ್ಪಿನಲ್ಲಿ. ಫ್ಲ್ಯಾಶ್ ಹೊಡೆದರೆ ಬೆಳ್ಳಿ ಬಿಳಿ ಚುಕ್ಕೆಯಾಗಿ ಸುಟ್ಟು, ಬಳ್ಳಿಯ ಕೆತ್ತನೆ ಮಾಯ. ತಯಾರಾದ ಹೂದಾನಿಯ ಫೋಟೊ ಆದರೆ ಟ್ರೈಪಾಡ್ ಮೇಲೆ ಐಎಸ್‌ಒ 100, ಕಿಟಕಿಯ ಬೆಳಕು, ನಿಧಾನದ ಶಟರ್ ಸಾಕು. ಅದಕ್ಕೆ ಹಳೆಯ ಬಾಡಿಯೂ ನಡೆಯುತ್ತದೆ. ಆದರೆ ಸುತ್ತಿಗೆ ಎತ್ತಿದ ಕೈ ಬೇಕು, ಉಳಿಯ ತುದಿ ಬೇಕು ಅಂದರೆ 250ನೇ ಭಾಗ ಬೇಕೇ ಬೇಕು. ಕೆಲಸದ ಕೋಣೆಯ ಮಬ್ಬಿನಲ್ಲಿ ಅದು 3200, 6400 ಕೇಳುತ್ತದೆ. ಕಪ್ಪನ್ನು ಶುಚಿಯಾಗಿ ಉಳಿಸಬೇಕೆಂದರೆ ಫುಲ್‌ಫ್ರೇಮಿಗೆ ಕೊಡುವ ದುಡ್ಡು ಇಲ್ಲಿ ನ್ಯಾಯವಾದದ್ದು. ಎಕ್ಸ್‌ಪೋಷರ್ ಸ್ವಲ್ಪ ಜಾಸ್ತಿಯೇ ಕೊಡಿ, ಬೆಳ್ಳಿ ಸುಡದಷ್ಟು.

ಬೀದರ್ ಹತ್ತಿರದ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹ್ಮದ್ ಶಾ ವಲಿಯ ಗುಮ್ಮಟದ ಒಳಗೋಡೆಯ ಚಿತ್ರಗಳು, ಕಲಬುರಗಿ ಕೋಟೆಯೊಳಗಿನ ಪೂರ್ತಿ ಛಾವಣಿ ಹೊದ್ದ ಜಾಮಾ ಮಸೀದಿ, ಇವು ಬೇರೆ ಥರ. ಗೋಡೆ ಅಲುಗುವುದಿಲ್ಲ. ಹಳೆಯ ಬಣ್ಣದ ಮೇಲೆ ಫ್ಲ್ಯಾಶ್ ಹೊಡೆಯಬಾರದು, ಟ್ರೈಪಾಡಿಗೆ ಅನುಮತಿ ಬೇಕು. ಆದ್ದರಿಂದ ಇಲ್ಲಿ ಹೆಚ್ಚಿನ ಐಎಸ್‌ಒಗಿಂತ ಬಾಡಿಯೊಳಗೆ ಕೈನಡುಕ ತಡೆಯುವ ವ್ಯವಸ್ಥೆ ಇದ್ದರೆ ಲಾಭ. ಅದಿದ್ದರೆ ಕೈಯಲ್ಲೇ ಹಿಡಿದು 8ನೇ ಒಂದು ಭಾಗದಲ್ಲೂ ತೆಗೆಯಬಹುದು. ಆದರೆ ನೆನಪಿರಲಿ, ಅದು ತಡೆಯುವುದು ನಿಮ್ಮ ಕೈಯ ಅಲುಗಾಟವನ್ನು. ಎದುರಿಗೆ ಓಡುವ ಮಗುವನ್ನು ಅದು ನಿಲ್ಲಿಸಲಾರದು.

ಹಕ್ಕಿ, ಕೃಷ್ಣಮೃಗ

ಬೀದರ್ ಸುತ್ತಲಿನ ಬಯಲಿನ ಕೃಷ್ಣಮೃಗ, ಸುರಪುರದ ಹತ್ತಿರ ಬೋನಾಳ ಕೆರೆಯ ಹಕ್ಕಿ, ಇವು ಚಲೋ ಸಿಗುವುದು ಬೆಳಕು ಹರಿಯುವ ಹೊತ್ತಿಗೆ. ಕೈಗೆಟುಕುವ ಬೆಲೆಯ ಉದ್ದ ಲೆನ್ಸುಗಳಲ್ಲಿ ಹೆಚ್ಚಿನವು ಎಫ್ 6.3ರವು, ಅಲ್ಲಿ ಲೆನ್ಸಿನಿಂದ ಸ್ಟಾಪ್ ಗಳಿಸುವ ದಾರಿ ಮುಚ್ಚಿದೆ. ಹಾಗಂತ ಕೂಡಲೇ ಫುಲ್‌ಫ್ರೇಮಿಗೆ ಓಡಬೇಡಿ. ಹಕ್ಕಿ ದೂರ ಇದ್ದು ನೀವು ಫೋಟೊವನ್ನು ಅರ್ಧ ಕತ್ತರಿಸುವುದಾದರೆ ದೊಡ್ಡ ಸೆನ್ಸರಿನ ಅಂಚನ್ನೆಲ್ಲ ಎಸೆದ ಹಾಗೆ, ಲಾಭ ಉಳಿಯುವುದಿಲ್ಲ. ಹತ್ತಿರ ಹೋಗಲು ಆಗದವರಿಗೆ ಎಪಿಎಸ್-ಸಿ ಸಾಕು.

ಸಾಫ್ಟ್‌ವೇರ್, ಫೋನ್

2023ರಲ್ಲಿ ಲೈಟ್‌ರೂಮಿಗೆ ಬಂದ, ನಾಯ್ಸ್ ತೆಗೆಯುವ ಡಿನಾಯ್ಸ್, ಡಿಎಕ್ಸ್ಒದ ಪ್ಯೂರ್‌ರಾ, ಇವು ಹಳೆಯ ಬಾಡಿಗಳಿಗೆ ಹೊಸ ಜೀವ ಕೊಟ್ಟಿವೆ. ರಾ ಫೈಲ್ (ಕ್ಯಾಮೆರಾ ತಿದ್ದದೆ ಕೊಡುವ ಕಚ್ಚಾ ಫೋಟೊ) ಇದ್ದರೆ ಒಂದು, ಒಂದೂವರೆ ಸ್ಟಾಪಿನಷ್ಟು ಲಾಭ ಕಣ್ಣಿಗೆ ಕಾಣುತ್ತದೆ. ಜೇಪೆಗ್ ಮಾತ್ರ ತೆಗೆಯುವವರಿಗೆ ಅಷ್ಟು ಸಿಗುವುದಿಲ್ಲ. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಕಂಪ್ಯೂಟರಿನಲ್ಲಿ ಒಂದೊಂದು ಫೋಟೊಗೂ ನಿಮಿಷಗಟ್ಟಲೆ ಹಿಡಿಯುತ್ತದೆ, ಇಡೀ ಮದುವೆಗೆ ಓಡಿಸುವ ಮಾತು ದೂರ. ದೂರದ ಸಣ್ಣ ಮುಖಗಳು ಮೇಣದ ಹಾಗೆ ನುಣುಪಾಗುತ್ತವೆ, ಸೀರೆಯ ಜರಿ ಕಲಸುತ್ತದೆ. ಆರಿಸಿದ ಕೆಲವು ಫೋಟೊಗಳಿಗೆ ಮಾತ್ರ ಬಳಸಿ.

ಫೋನಿನ ನೈಟ್ ಮೋಡ್ ಹಲವು ಫೋಟೊ ಕೂಡಿಸಿ ಒಂದು ಮಾಡುತ್ತದೆ. ದೀಪ ಹಚ್ಚಿದ ದರ್ಗಾ, ನಿಂತ ತೇರು, ಇವಕ್ಕೆ ಬಹಳ ಚಲೋ. ಕುಣಿತಕ್ಕೆ ಬೇಡ.

ಕೊಳ್ಳುವ ಮೊದಲು ಪರೀಕ್ಷೆ

ಸೆಕೆಂಡ್ ಹ್ಯಾಂಡ್ ಬಾಡಿ ನೋಡುವಾಗ ನಿಮ್ಮ ಮೆಮೊರಿ ಕಾರ್ಡ್ ಒಯ್ಯಿರಿ. ಲೆನ್ಸಿಗೆ ಮುಚ್ಚಳ ಹಾಕಿ 6400ರಲ್ಲಿ ಒಂದು ಫೋಟೊ, ಅದೇ ಐಎಸ್‌ಒದಲ್ಲಿ 2 ಸೆಕೆಂಡಿನ ಇನ್ನೊಂದು ಫೋಟೊ ತೆಗೆಯಿರಿ. ಮನೆಗೆ ಬಂದು ದೊಡ್ಡದು ಮಾಡಿ ನೋಡಿ. ಎರಡನೆಯದರಲ್ಲಿ ಒಂದಿಷ್ಟು ಬಣ್ಣದ ಚುಕ್ಕೆ ಕಂಡರೆ ಗಾಬರಿ ಬೇಡ. ಸೆನ್ಸರ್ ಬಿಸಿಯಾದಂತೆ ಅವು ಹೆಚ್ಚುತ್ತವೆ, ಸುಮಾರು 6ರಿಂದ 8 ಡಿಗ್ರಿಗೊಮ್ಮೆ ಸೆನ್ಸರಿನೊಳಗೆ ಶಾಖದಿಂದ ಹುಟ್ಟುವ ಸಂಕೇತ ದುಪ್ಪಟ್ಟಾಗುತ್ತದೆ. ನಮ್ಮ ಬೇಸಿಗೆಯಲ್ಲಿ ಇದು ಎಲ್ಲ ಕ್ಯಾಮೆರಾಕ್ಕೂ ಇದ್ದದ್ದೇ. ಮೊದಲನೆಯದರಲ್ಲೇ ಅಡ್ಡಕ್ಕೆ, ಉದ್ದಕ್ಕೆ ಗೆರೆಗಳು ಎದ್ದು ಕಂಡರೆ ಆ ಬಾಡಿ ಬೇಡ. ಆಮೇಲೆ ಒಂದು ದಿನ ಅದೇ ಮಾಡೆಲ್ ಬಾಡಿಗೆಗೆ ತಂದು ನೀವು ಕೆಲಸ ಮಾಡುವ ಹಾಲಿನಲ್ಲೇ 1600, 3200, 6400, 12,800 ಹೀಗೆ ಒಂದೊಂದು ತೆಗೆದು, ಆಲ್ಬಂ ಅಳತೆಗೆ ಪ್ರಿಂಟ್ ಹಾಕಿಸಿ. ಪರದೆಯ ಮೇಲೆ ಕೆಟ್ಟದಾಗಿ ಕಂಡ 6400 ಎಷ್ಟೋ ಸಲ ಕಾಗದದ ಮೇಲೆ ಸರಿಯಾಗಿಯೇ ಇರುತ್ತದೆ. ಯಾವ ಪ್ರಿಂಟಿನಿಂದ ಆಚೆಗೆ ನಿಮ್ಮ ಗಿರಾಕಿಗೆ ಕೊಡಲು ಮನಸ್ಸು ಒಪ್ಪುವುದಿಲ್ಲವೋ, ಆ ಕ್ಯಾಮೆರಾದ ಐಎಸ್‌ಒ ಮಿತಿ ಅಲ್ಲಿಯವರೆಗೆ. ಆಟೊ ಐಎಸ್‌ಒದ (ಕ್ಯಾಮೆರಾ ತಾನೇ ಐಎಸ್‌ಒ ಆರಿಸುವ ವ್ಯವಸ್ಥೆಯ) ಮೇಲ್ಮಿತಿಯನ್ನು ಅದಕ್ಕೇ ಹೊಂದಿಸಿ ಇಡಿ.